ಕೊಚ್ಚಿಯಿಂದ ಹಡಗಲ್ಲಿ ಲಕ್ಷದ್ವೀಪ: ಒಬ್ಬ ಫ್ರೆಂಡ್ ಜೊತೆ ಐದು ದಿನ ಹೋಗಿ ಬರುವುದು ಹೇಗೆ

ನಾವು ಸಣ್ಣದಿರುವಾಗ ಮಂಗಳೂರಿನ ಹಳೆ ಬಂದರಿಗೆ ಹೋಗಿ ಮಂಜಿಗೆ, ಅಂದ್ರೆ ಮರದ ಸರಕು ಹಡಗಿಗೆ, ಸಾಮಾನು ತುಂಬಿಸುವುದನ್ನು ನೋಡ್ತಾ ನಿಲ್ತಿದ್ದೆವು, ನಾನು ಮತ್ತು ನನ್ನ ಫ್ರೆಂಡ್. ಜಲ್ಲಿ, ಸಿಮೆಂಟು, ತರಕಾರಿ ಗೋಣಿ, ನೀರುಳ್ಳಿ, ಕೆಲವು ಸಲ ಆಡು, ಎಲ್ಲ ಆ ಮರದ ಹೊಟ್ಟೆಯೊಳಗೆ ಇಳೀತಿತ್ತು. ಎಲ್ಲಿಗೆ ಅಂತ ಕೇಳಿದ್ರೆ ಲಕ್ಷದ್ವೀಪಕ್ಕೆ, ಅಮಿನಿ, ಕವರತ್ತಿ ಅಂತ ಹೇಳ್ತಿದ್ರು. ಆಗಲೇ ಇವ ಹೇಳಿದ್ದು, ಒಂದು ದಿನ ನಾವೂ ಹೋಗುವ ಅಂತ. ಹೋಗ್ಲಿಕ್ಕೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಹಿಡೀತು. ಹೋಗಿ ಬಂದ ಮೇಲೆ ಹತ್ತಾರು ಜನ ಕೇಳಿದ್ರು, ಹೇಗೆ ಹೋದ್ರಿ, ಪರ್ಮಿಟ್ ಎಂತದು, ವಾಂತಿ ಆಗ್ತದಾ, ಎಷ್ಟು ಖರ್ಚು ಅಂತ. ಪ್ರತಿಯೊಬ್ಬರಿಗೂ ಫೋನಲ್ಲಿ ಹೇಳುವ ಬದಲು ಎಲ್ಲ ಒಂದು ಕಡೆ ಬರೀತಿದ್ದೇನೆ, ಉದ್ದ ಆಗ್ತದೆ, ಆದ್ರೆ ಹೋಗುವ ಮನಸ್ಸಿದ್ದವರು ಪೂರ್ತಿ ಓದಿ.

ಮೊದಲೇ ಒಂದು ಮಾತು. ಮಾಲ್ಡೀವ್ಸ್ ರೆಸಾರ್ಟಿನ ಫೋಟೋ ತಲೆಯಲ್ಲಿಟ್ಟುಕೊಂಡು ಈ ಟ್ರಿಪ್ ಪ್ಲಾನ್ ಮಾಡ್ಬೇಡಿ. ಇದು ಜನ ವಾಸ ಮಾಡುವ ಊರು. ಒಟ್ಟು 36 ದ್ವೀಪ, ಅದರಲ್ಲಿ ಜನ ಇರುವುದು 10ರಲ್ಲಿ, ಎಲ್ಲ ಒಟ್ಟು ಸೇರಿಸಿದ್ರೂ ನೆಲ 32 ಚದರ ಕಿಲೋಮೀಟರ್ ಮಾತ್ರ. ಅಷ್ಟು ಸಣ್ಣ ಜಾಗದಲ್ಲಿ ಒಬ್ಬರ ಮನೆ ಅಂಗಳ ಮುಗಿದಲ್ಲಿ ನಿಮ್ಮ ಬೀಚು ಶುರು ಆಗ್ತದೆ. ನೆಂಟರ ಮನೆಗೆ ಹೋದ ಹಾಗೆ ಹೋಗ್ಬೇಕು. ಕೆಳಗೆ ಬರೆದಿರುವ ಎಲ್ಲ ಹೆಜ್ಜೆಗಳೂ ಈ ಒಂದು ವಿಷಯದ ಮೇಲೆ ನಿಂತಿವೆ.

ಹೆಜ್ಜೆ 1: ಯಾವ ತಿಂಗಳು, ಯಾವ ಪ್ಯಾಕೇಜು

ಹಡಗಲ್ಲಿ ಹೋಗುವವರಿಗೆ ಅಕ್ಟೋಬರಿಂದ ಮೇ ಮಧ್ಯದ ತನಕ ಸೀಸನ್. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಹೇಗಿರ್ತದೆ ಅಂತ ಕರಾವಳಿಯವರಿಗೆ ಹೇಳಿಕೊಡ್ಬೇಕಾಗಿಲ್ಲ, ಆಗ ಟೂರಿಸ್ಟ್ ಟ್ರಿಪ್ ಯೋಚನೆಯೇ ಬೇಡ. ನನ್ನ ಪ್ರಕಾರ ಜನವರಿಯಿಂದ ಮಾರ್ಚ್ ಮಧ್ಯದ ತನಕ ಭಾರಿ ಒಳ್ಳೆದು, ಕಡಲು ತಣ್ಣಗಿರ್ತದೆ, ನೀರು ಕನ್ನಡಿ ಹಾಗೆ. ಏಪ್ರಿಲ್ ಆದ ಮೇಲೆ ಬಿಸಿಲು ತಲೆ ಸುಡ್ತದೆ.

ಪ್ಯಾಕೇಜಿನ ಹೆಸರು ಸಮುದ್ರಂ. ಲಕ್ಷದ್ವೀಪ ಆಡಳಿತದ್ದೇ ಟೂರಿಸಂ ಸಂಸ್ಥೆ ಸ್ಪೋರ್ಟ್ಸ್ ಅಂತ ಉಂಟು, ಅದು ನಡೆಸುವುದು. ಎಂ.ವಿ. ಕವರತ್ತಿ ಅನ್ನುವ ದೊಡ್ಡ ಹಡಗು, ಸುಮಾರು 700 ಜನ ಹಿಡಿಸ್ತದೆ, ಅದರಲ್ಲಿ ದ್ವೀಪದ ಜನರೂ ಇರ್ತಾರೆ, ಟೂರಿಸ್ಟರೂ ಇರ್ತಾರೆ. ಐದು ದಿನ, ನಾಲ್ಕು ರಾತ್ರಿ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರು ದ್ವೀಪ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಲ್ಲಿ. ನೀವು ಮಲಗಿರುವಾಗ ಹಡಗು ಮುಂದಿನ ದ್ವೀಪಕ್ಕೆ ಹೋಗ್ತಾ ಇರ್ತದೆ, ಹಾಗಾಗಿ ಒಂದು ಹಗಲೂ ದಾರಿಗೆ ಅಂತ ದಂಡ ಆಗುದಿಲ್ಲ. ಯಾವ ದ್ವೀಪ ಮೊದಲು ಅನ್ನುವುದು ಕಡಲು ಮತ್ತು ಹಡಗಿನ ಶೆಡ್ಯೂಲು ನೋಡಿ ಬದಲಾಗ್ತದೆ.

ಹಣದ ವಿಷಯ, ಕ್ಯಾಬಿನ್ ಕ್ಲಾಸ್ ಮೇಲೆ ರೇಟು ಹೋಗ್ತದೆ, ಮೇಲಿಂದ ಜಿಎಸ್‌ಟಿ, ಆಗಾಗ ಬದಲಾಗ್ತಾ ಇರ್ತದೆ, ಬುಕ್ ಮಾಡುವ ದಿನ ಅಧಿಕೃತ ಸೈಟಲ್ಲೇ ನೋಡಿ. ಮಧ್ಯದಲ್ಲಿ ಏಜೆಂಟ್ ಹಿಡಿಯುವವರು ಒಂದು ವಿಷಯ ನೆನಪಿಡಿ, ಪರ್ಮಿಟ್ ಗ್ಯಾರಂಟಿ ನಾನು ಮಾಡಿಸಿಕೊಡ್ತೇನೆ ಅಂತ ಮೊದಲೇ ಪೂರ್ತಿ ದುಡ್ಡು ಕೇಳುವವರ ಹತ್ರ ಹೋಗ್ಬೇಡಿ. ನಮ್ಮ ಪರಿಚಯದ ಒಂದು ಫ್ಯಾಮಿಲಿ ಹಾಗೆ ಕೊಟ್ಟು, ಹಡಗೂ ಇಲ್ಲ ದುಡ್ಡೂ ಇಲ್ಲ ಅಂತ ಆಯ್ತು.

ಹೆಜ್ಜೆ 2: ಪರ್ಮಿಟ್, ಇದಕ್ಕೆ ಒಂದು ತಿಂಗಳು ಮೊದಲೇ ಕೂತ್ಕೊಳ್ಳಿ

ನಮ್ಮದೇ ದೇಶ, ಆದ್ರೂ ಅನುಮತಿ ಬೇಕು. 1967ರ ಒಂದು ನಿಯಮ ಉಂಟು, ದ್ವೀಪದವರಲ್ಲದ ಯಾರೇ ಒಳಗೆ ಹೋಗ್ಬೇಕಾದ್ರೂ ಪರ್ಮಿಟ್ ತಗೊಳ್ಳಬೇಕು ಅಂತ. ಅಲ್ಲಿನ ಮೂಲ ನಿವಾಸಿಗಳು ಪರಿಶಿಷ್ಟ ಪಂಗಡದವರು, ಅವರ ನೆಲ ಮತ್ತು ಜೀವನ ಉಳಿಸ್ಲಿಕ್ಕೆ ಇರುವ ವ್ಯವಸ್ಥೆ ಅದು. ಕೆಲವರು ಇದಕ್ಕೆ ಕಿರಿಕಿರಿ ಮಾಡ್ತಾರೆ, ನನಗೆ ಅದು ಸರಿ ಅಂತಲೇ ಕಾಣ್ತದೆ. ಅಷ್ಟು ಸಣ್ಣ ದ್ವೀಪಕ್ಕೆ ಲೆಕ್ಕ ಇಲ್ಲದೆ ಜನ ನುಗ್ಗಿದ್ರೆ ಕುಡಿಯುವ ನೀರೇ ಸಾಕಾಗ್ಲಿಕ್ಕಿಲ್ಲ.

ಪ್ಯಾಕೇಜಲ್ಲಿ ಹೋದ್ರೆ ಪರ್ಮಿಟಿನ ಓಡಾಟ ಅವರೇ ನೋಡ್ಕೊಳ್ತಾರೆ, ಆದ್ರೆ ಕಾಗದಪತ್ರ ನೀವೇ ರೆಡಿ ಮಾಡ್ಬೇಕು. ಫೋಟೋ, ಗುರುತಿನ ಚೀಟಿಯ ಕಾಪಿ, ಮತ್ತೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಪಿಸಿಸಿ ಅಂತ ಹೇಳ್ತಾರಲ್ಲ ಅದು. ನಮ್ಮಲ್ಲಿ ಸೇವಾ ಸಿಂಧು ಪೋರ್ಟಲಲ್ಲಿ ಅರ್ಜಿ ಹಾಕ್ಬಹುದು, ಆಮೇಲೆ ಸ್ಟೇಷನ್ನಿಂದ ವೆರಿಫಿಕೇಷನ್ ಆಗ್ತದೆ. ಇದಕ್ಕೇ ಟೈಮ್ ಹಿಡಿಯುವುದು. ನಾವು ಮೊದಲ ಸಲ ಹೊರಟಾಗ ಇವನ ಆಧಾರಲ್ಲಿ ಹಳೆ ಬಾಡಿಗೆ ಮನೆ ಅಡ್ರೆಸ್ ಇತ್ತು, ಈಗ ಇರುವ ಮನೆ ಬೇರೆ ಸ್ಟೇಷನ್ ವ್ಯಾಪ್ತಿಗೆ ಬರ್ತದೆ, ಅರ್ಜಿ ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ತಿರುಗಿ ಸಿಗುವಷ್ಟರಲ್ಲಿ ನಮ್ಮ ಹಡಗು ಹೋಗಿ ಆಗಿತ್ತು. ಮುಂದಿನ ತಿಂಗಳ ಡೇಟಿಗೆ ಕಾಯ್ಬೇಕಾಯ್ತು. ಹಾಗಾಗಿ ಇಬ್ಬರದ್ದೂ ಅಡ್ರೆಸ್ ಪ್ರೂಫ್ ಮೊದಲು ಎದುರು ಎದುರು ಇಟ್ಟು ನೋಡಿ, ಹೆಸರಿನ ಸ್ಪೆಲ್ಲಿಂಗ್ ಎಲ್ಲ ಕಡೆ ಒಂದೇ ಥರ ಉಂಟಾ ಅಂತ ಕೂಡ.

ವಿದೇಶಿ ಪಾಸ್‌ಪೋರ್ಟ್ ಇರುವ ಕನ್ನಡದವರಿಗೆ ನಿಯಮ ಬೇರೆ, ಎಲ್ಲ ದ್ವೀಪಕ್ಕೂ ಬಿಡುದಿಲ್ಲ. ಅಂಥ ಫ್ರೆಂಡ್ ಜೊತೆ ಹೊರಟಿದ್ರೆ ಟಿಕೆಟ್ ಮಾಡುವ ಮೊದಲು ಆಫೀಸಿಗೆ ಬರೆದು ಉತ್ತರ ತಗೊಳ್ಳಿ.

ಹೆಜ್ಜೆ 3: ಜೊತೆಗೆ ಯಾರು

ಇದು ಗೈಡಲ್ಲಿ ಬರೆಯುವ ವಿಷಯವಾ ಅಂತ ಕೇಳ್ಬಹುದು, ಬರೆಯುವ ವಿಷಯವೇ. ಸಣ್ಣ ಕ್ಯಾಬಿನ್, ಒಂದು ಬಾತ್‌ರೂಮು, ರಾತ್ರಿಯಿಡೀ ಇಂಜಿನ್ನಿನ ಗುಂಯ್ ಸದ್ದು, ಕಡಲ ಮಧ್ಯ ಸಿಗ್ನಲ್ ಇಲ್ಲದೆ ಗಂಟೆಗಟ್ಟಲೆ. ಮಾತಾಡದೆಯೂ ಜೊತೆಗೆ ಕೂತ್ಕೊಳ್ಲಿಕ್ಕೆ ಆಗುವವರು ಬೇಕು. ಒಬ್ಬ ಬೆಳಿಗ್ಗೆ ಐದಕ್ಕೆ ಡೆಕ್ಕಿಗೆ ಹೋಗುವವ, ಇನ್ನೊಬ್ಬ ಎಂಟರ ತನಕ ಮಲಗುವವ ಆದ್ರೂ ಪರವಾಗಿಲ್ಲ, ಆದ್ರೆ ಪ್ಲಾನ್ ಬದಲಾದ್ರೆ ಮುಖ ಉಬ್ಬಿಸುವವ ಬೇಡ. ಯಾಕಂದ್ರೆ ಪ್ಲಾನ್ ಬದಲಾಗಿಯೇ ಆಗ್ತದೆ, ಗಾಳಿ ಜೋರಾದ್ರೆ ಬೋಟ್ ತಡ, ತೆರೆ ಜಾಸ್ತಿ ಇದ್ರೆ ಸ್ನಾರ್ಕಲಿಂಗ್ (ಮಾಸ್ಕು, ಉಸಿರಿನ ಕೊಳವೆ ಹಾಕಿ ನೀರ ಮೇಲೆ ತೇಲ್ತಾ ಒಳಗೆ ನೋಡುವುದು) ಕ್ಯಾನ್ಸಲ್.

ಹೊರಡುವ ಮೊದಲೇ ಮೂರು ವಿಷಯ ಮಾತಾಡಿ ಇಟ್ಕೊಳ್ಳಿ: ಇಬ್ಬರಿಗೂ ಈಜು ಬರ್ತದಾ, ಯಾರಿಗೆ ಯಾವ ಮಾತ್ರೆ ಆಗುದಿಲ್ಲ, ಮತ್ತೆ ಸ್ಕೂಬಾ ಥರದ ಎಕ್ಸ್‌ಟ್ರಾ ಖರ್ಚಿಗೆ ಇಬ್ಬರೂ ರೆಡಿಯಾ. ಇವನಿಗೆ ನೀರಿನ ಹೆದರಿಕೆ ಉಂಟು ಅಂತ ನನಗೆ ಅಷ್ಟು ವರ್ಷದ ಸ್ನೇಹದಲ್ಲೂ ಗೊತ್ತಿರಲಿಲ್ಲ, ಮಂಗಳೂರಲ್ಲೇ ಹುಟ್ಟಿ ಬೆಳೆದವ. ಮೊದಲೇ ಗೊತ್ತಾದದ್ದಕ್ಕೆ ಎರಡು ವಾರ ಸ್ವಿಮ್ಮಿಂಗ್ ಪೂಲಿಗೆ ಜೊತೆಗೆ ಹೋದೆವು. ಈಜು ಕಲೀಲಿಲ್ಲ ಅವ, ಆದ್ರೆ ಮುಖ ನೀರೊಳಗೆ ಇಟ್ಟು ಬಾಯಲ್ಲಿ ಉಸಿರಾಡ್ಲಿಕ್ಕೆ ಕಲಿತ. ಸ್ನಾರ್ಕಲಿಂಗಿಗೆ ಬೇಕಾದದ್ದು ಅಷ್ಟೇ, ಲೈಫ್ ಜಾಕೆಟ್ ಬಾಕಿದ್ದು ನೋಡ್ಕೊಳ್ತದೆ.

ಹೆಜ್ಜೆ 4: ಬ್ಯಾಗು

ಎರಡು ಬ್ಯಾಗ್ ಮಾಡಿ. ದೊಡ್ಡದು ಕ್ಯಾಬಿನಲ್ಲೇ ಉಳಿಯುವಂಥದ್ದು, ಸಣ್ಣದು ದಿನಾ ದ್ವೀಪಕ್ಕೆ ಇಳಿಯುವಾಗ ಬೆನ್ನಿಗೆ ಹಾಕುವಂಥದ್ದು. ಸಣ್ಣ ಬ್ಯಾಗ್ ಬೆನ್ನಿಗೇ ಹಾಕುವಂಥದ್ದು ಆಗ್ಬೇಕು, ಕೈಯಲ್ಲಿ ಹಿಡಿಯುವುದು ಬೇಡವೇ ಬೇಡ, ಯಾಕೆ ಅಂತ ಮುಂದೆ ಹೇಳ್ತೇನೆ.

ಸಣ್ಣ ಬ್ಯಾಗಲ್ಲಿ ಒಂದು ಜೊತೆ ಬಟ್ಟೆ, ತೆಳು ಟವೆಲ್, ನೀರಿನ ಬಾಟ್ಲಿ, ಟೋಪಿ, ಫೋನ್ ಇಡ್ಲಿಕ್ಕೆ ನೀರು ಹೋಗದ ಕವರು, ಪರ್ಮಿಟ್ ಮತ್ತು ಐಡಿ ಕಾರ್ಡಿನ ಕಾಪಿ ಪ್ಲಾಸ್ಟಿಕ್ ಫೋಲ್ಡರಲ್ಲಿ. ಉದ್ದ ತೋಳಿನ ಈಜುವ ಟೀಶರ್ಟ್ ಒಂದು ತಗೊಳ್ಳಿ, ಸನ್‌ಸ್ಕ್ರೀನ್‌ಗಿಂತ ಸಾವಿರ ಪಾಲು ಒಳ್ಳೆದು, ಸ್ನಾರ್ಕಲಿಂಗ್ ಮಾಡುವಾಗ ಬೆನ್ನು ಸುಟ್ಟು ಹೋಗುವುದು ಗೊತ್ತೇ ಆಗುದಿಲ್ಲ, ರಾತ್ರಿ ಮಲಗುವಾಗಲೇ ಗೊತ್ತಾಗುವುದು. ನೀರಲ್ಲಿ ಹಾಕುವ ರಬ್ಬರ್ ಸೋಲಿನ ಚಪ್ಪಲಿ ಬೇಕು, ಅಲ್ಲಿನ ತೀರದಲ್ಲಿ ಮರಳಿನ ಜೊತೆ ಹವಳದ ಚೂರು ಇರ್ತದೆ, ಕಾಲು ಕುಯ್ತದೆ, ಆ ಗಾಯ ಬೇಗ ಒಣಗುದಿಲ್ಲ.

ಮೊಣಕಾಲು ಮುಚ್ಚುವ ಬಟ್ಟೆ ಊರೊಳಗೆ ತಿರುಗ್ಲಿಕ್ಕೆ. ದ್ವೀಪದ ಜನ ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು, ಬೀಚಲ್ಲಿ ಹಾಕುವ ಬಟ್ಟೆ ಬೀಚಿಗೆ ಮಾತ್ರ. ಮದ್ಯ ಈ ಮೂರು ದ್ವೀಪಗಳಲ್ಲಿ ನಿಷೇಧ, ಬ್ಯಾಗಲ್ಲಿ ಒಯ್ಯುವ ಯೋಚನೆ ಬಿಡಿ.

ಕ್ಯಾಶ್ ಸ್ವಲ್ಪ ಇಟ್ಕೊಳ್ಳಿ. 2024ರ ಜನವರಿಯಲ್ಲಿ ಕೊಚ್ಚಿಯಿಂದ ದ್ವೀಪಗಳಿಗೆ ಕಡಲಡಿಯ ಫೈಬರ್ ಕೇಬಲ್ ಉದ್ಘಾಟನೆ ಆದ ಮೇಲೆ ನೆಟ್ ಸುಧಾರಿಸಿದೆ, ಆದ್ರೂ ಎಳನೀರಿನವನ ಹತ್ರ ಫೋನ್ ಹಿಡ್ಕೊಂಡು ಸಿಗ್ನಲ್ ಹುಡುಕುವುದು ಬೇಡ. ಇಲ್ಲಿ ಒಂದು ವಿಷಯ ನನಗೆ ಭಾರಿ ಖುಷಿ ಕೊಟ್ಟದ್ದು: ಕವರತ್ತಿಯಲ್ಲಿ ಕೆನರಾ ಬ್ಯಾಂಕಿನ ಬೋರ್ಡು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಲಕ್ಷದ್ವೀಪದ ಲೀಡ್ ಬ್ಯಾಂಕ್ ಆಗಿತ್ತು, 2020ರಲ್ಲಿ ಅದು ಕೆನರಾ ಬ್ಯಾಂಕಿಗೆ ಸೇರಿತಲ್ಲ, ಹಾಗೆ ಬಂದದ್ದು. ನಮ್ಮೂರಿಗೂ ಈ ದ್ವೀಪಗಳಿಗೂ ಸಂಬಂಧ ಇವತ್ತಿನದ್ದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ, ಈ ಅಮೀನ್‌ದೀವಿ ದ್ವೀಪಗಳು 18ನೇ ಶತಮಾನದ ಕೊನೆಗೆ ಟಿಪ್ಪುವಿನ ಕೈಗೆ ಬಂದಿದ್ದವು, 1799ರ ನಂತರ ಬ್ರಿಟಿಷರ ಕೈಗೆ ಹೋದವು, 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಂದ್ರೆ ಅಲ್ಲಿಯವರು ಕಚೇರಿ ಕೆಲಸಕ್ಕೂ ಮಂಗಳೂರಿಗೇ ಬರ್ಬೇಕಿತ್ತು. ನಾವು ಸಣ್ಣದಿರುವಾಗ ನೋಡಿದ ಆ ಮಂಜಿ ಅದೇ ಹಳೆ ದಾರಿಯಲ್ಲಿ ಹೋಗುವಂಥದ್ದು.

ಹೆಜ್ಜೆ 5: ಕೊಚ್ಚಿ ತಲುಪುವುದು

ಹಡಗು ಹೊರಡುವ ಹಿಂದಿನ ದಿನವೇ ಎರ್ನಾಕುಲಂ ತಲುಪಿ. ಮಂಗಳೂರಿಂದ ರೈಲು ಬೇಕಾದಷ್ಟುಂಟು, ಬೆಂಗಳೂರಿಂದ ರಾತ್ರಿ ಬಸ್ಸುಂಟು. ಅದೇ ದಿನ ಬೆಳಿಗ್ಗೆ ಇಳಿದು ಹಡಗು ಹತ್ತುವ ಅಂತ ಲೆಕ್ಕ ಹಾಕ್ಬೇಡಿ, ರೈಲು ಮೂರು ಗಂಟೆ ಲೇಟಾದ್ರೆ ಹಡಗು ಕಾಯುದಿಲ್ಲ. ಹಡಗು ಹತ್ತುವುದು ವಿಲ್ಲಿಂಗ್‌ಡನ್ ಐಲ್ಯಾಂಡಿಂದ. ಏರ್‌ಪೋರ್ಟ್ ಥರವೇ ಬ್ಯಾಗ್ ಸ್ಕ್ಯಾನಿಂಗ್, ಐಡಿ ಚೆಕ್, ಪರ್ಮಿಟ್ ಚೆಕ್ ಎಲ್ಲ ಆಗ್ತದೆ. ಅವರು ಹೇಳಿದ ಟೈಮಿಗಿಂತ ಅರ್ಧ ಗಂಟೆ ಮೊದಲು ಹೋಗಿ ಕೂತ್ರೆ ನೆಮ್ಮದಿ.

ಹಿಂದಿನ ರಾತ್ರಿ ಕಂಠಮಟ್ಟ ತಿನ್ಬೇಡಿ. ಫೋರ್ಟ್ ಕೊಚ್ಚಿಯಲ್ಲಿ ಸಿಗುವ ಮೀನೆಲ್ಲ ಚಂದ ಕಾಣ್ತದೆ, ವಾಪಸ್ ಬರುವಾಗ ತಿನ್ನಿ.

ಹೆಜ್ಜೆ 6: ಹಡಗಿನ ಒಳಗೆ, ಮತ್ತೆ ಆ ವಾಂತಿಯ ವಿಷಯ

ಎರಡು ಬರ್ತಿನ ಕ್ಯಾಬಿನ್, ನಾಲ್ಕು ಬರ್ತಿನ ಕ್ಯಾಬಿನ್, ಮತ್ತೆ ಬಂಕ್ ಕ್ಲಾಸ್ ಅಂತ ಹಡಗಲ್ಲಿ ಇರ್ತದೆ. ಇಬ್ಬರೇ ಹೋಗುವವರು ನಾಲ್ಕು ಬರ್ತಿನದ್ದಕ್ಕೆ ಹೋದ್ರೆ ಇನ್ನಿಬ್ಬರು ಅಪರಿಚಿತರು ಸೇರ್ತಾರೆ, ನಮಗೆ ಅದು ಒಳ್ಳೆದೇ ಆಯ್ತು, ಕೋಝಿಕ್ಕೋಡಿನ ರಿಟೈರ್ಡ್ ಮಾಷ್ಟ್ರು ಮತ್ತು ಅವರ ಅಳಿಯ ಸಿಕ್ಕಿ ಎರಡು ರಾತ್ರಿ ಬರೀ ಕಥೆ.

ಮೊದಲ ಸಂಜೆ ಹಡಗು ಕೊಚ್ಚಿಯ ಹಿನ್ನೀರು ದಾಟುವಾಗ ಎಂತದೂ ಗೊತ್ತಾಗುದಿಲ್ಲ. ಚೀನೀ ಬಲೆಗಳು, ಮೀನಿನ ಬೋಟುಗಳು, ಎಲ್ಲ ಮೆಲ್ಲ ಹಿಂದೆ ಹೋಗ್ತವೆ. ಅಳಿವೆ ದಾಟಿ ತೆರೆದ ಕಡಲಿಗೆ ಬಂದ ಮೇಲೆ ಹಡಗಿಗೆ ಒಂದು ನಿಧಾನದ ಓಲಾಟ ಬರ್ತದೆ, ಆಗ ಶುರು. ಕವರತ್ತಿಗೆ 400 ಕಿಲೋಮೀಟರ್ ಚಿಲ್ಲರೆ ದಾರಿ, ದ್ವೀಪ ನೋಡಿ 14ರಿಂದ 18 ಗಂಟೆ ಹಿಡೀತದೆ. ಹಾಗಾಗಿ ಮಾತ್ರೆಯನ್ನು ತಲೆ ತಿರುಗ್ಲಿಕ್ಕೆ ಶುರು ಆದ ಮೇಲೆ ತಗೊಳ್ಳುವುದಲ್ಲ, ಹಡಗು ಹೊರಡುವ ಮೊದಲೇ ತಗೊಳ್ಬೇಕು. ಅವೊಮಿನ್ ಥರದ್ದು ಸುಮಾರು ಜನ ತಗೊಳ್ತಾರೆ, ನಿದ್ದೆ ಬರಿಸ್ತದೆ, ಬಿಪಿ ಶುಗರ್ ಆಸ್ತಮಾ ಇದ್ದವರು, ಗರ್ಭಿಣಿಯರು ಡಾಕ್ಟ್ರ ಹತ್ರ ಕೇಳಿಯೇ ತಗೊಳ್ಳಿ.

ಕಿವಿಯೊಳಗಿನ ಸಮತೋಲನದ ಅಂಗ ಅಲುಗಾಟ ಉಂಟು ಅಂತ ಹೇಳ್ತದೆ, ಕಣ್ಣು ಕ್ಯಾಬಿನ್ನಿನ ಗೋಡೆ ನೋಡಿ ಅಲುಗಾಟ ಇಲ್ಲ ಅಂತ ಹೇಳ್ತದೆ, ಈ ಎರಡರ ತಕರಾರೇ ತಲೆಸುತ್ತು. ಹಾಗಾಗಿ ಡೆಕ್ಕಿಗೆ ಬಂದು ದೂರದ ಕಡಲ ಗೆರೆ ನೋಡಿ, ಕಣ್ಣಿಗೂ ಅಲುಗಾಟ ಕಾಣ್ತದೆ, ತಕರಾರು ಕಡಿಮೆ ಆಗ್ತದೆ. ಫೋನ್ ನೋಡ್ಬೇಡಿ, ಪುಸ್ತಕ ಓದ್ಬೇಡಿ. ಹಡಗಿನ ಮೂತಿ ಮತ್ತು ಹಿಂಬದಿ ಜಾಸ್ತಿ ಏರಿಳೀತದೆ, ಮಧ್ಯಭಾಗದಲ್ಲಿ ಕೆಳಗಿನ ಡೆಕ್ಕಲ್ಲಿ ಕಡಿಮೆ, ಕ್ಯಾಬಿನ್ ಆಯ್ಕೆ ಇದ್ರೆ ಅದೇ ಕೇಳಿ. ಹೊಟ್ಟೆ ಪೂರ್ತಿ ಖಾಲಿ ಇಡ್ಬೇಡಿ, ಒಣ ಬಿಸ್ಕತ್ತು, ಚಪಾತಿ, ಶುಂಠಿ ಮಿಠಾಯಿ ಸ್ವಲ್ಪ ಸ್ವಲ್ಪ ತಿನ್ತಾ ಇರಿ. ಇವ ಮಾತ್ರೆ ಬೇಡ ಅಂತ ಹಠ ಮಾಡಿ ರಾತ್ರಿ ಹತ್ತರಿಂದ ಎರಡರ ತನಕ ಬಾತ್‌ರೂಮಲ್ಲೇ ಇದ್ದ. ನಾನು ಹೊರಗೆ ನೀರಿನ ಬಾಟ್ಲಿ ಹಿಡ್ಕೊಂಡು ಕೂತಿದ್ದೆ. ಓಆರ್‌ಎಸ್ ಪ್ಯಾಕೆಟ್ ನಾಲ್ಕು ಒಯ್ದದ್ದು ಆಗ ಉಪಯೋಗಕ್ಕೆ ಬಂತು, ಗುಟುಕು ಗುಟುಕಾಗಿ ಕೊಡ್ಬೇಕು, ಒಂದೇ ಸಲ ಗ್ಲಾಸ್ ಪೂರ್ತಿ ಕೊಟ್ರೆ ಅದೂ ಹೊರಗೆ ಬರ್ತದೆ. ಎರಡನೇ ದಿನಕ್ಕೆ ಹೆಚ್ಚಿನವರ ಶರೀರ ಹೊಂದಿಕೊಳ್ತದೆ, ಅವನದ್ದೂ ಹೊಂದಿಕೊಂಡಿತು.

ಹಡಗು ಹತ್ತಿದ ಕೂಡಲೇ ಮಾಡ್ಬೇಕಾದ ಇನ್ನೊಂದು ಕೆಲಸ: ನಿಮ್ಮ ಕ್ಯಾಬಿನ್ನಿಂದ ತೆರೆದ ಡೆಕ್ಕಿಗೆ ಹೋಗುವ ಎರಡು ದಾರಿ ನಡೆದು ನೋಡಿ ಬನ್ನಿ, ಲೈಫ್ ಜಾಕೆಟ್ ಎಲ್ಲಿ ಇಟ್ಟಿದ್ದಾರೆ ನೋಡಿ, ಒಮ್ಮೆ ಹಾಕಿ ಬಿಚ್ಚಿ. ಐದು ನಿಮಿಷದ ಕೆಲಸ. ಆಮೇಲೆ ನಿಶ್ಚಿಂತೆ.

ಊಟ ಕೇರಳದ ಥರ, ಅನ್ನ, ಮೀನು ಸಾರು, ಸಾಂಬಾರು. ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ, ಆದ್ರೆ ದ್ವೀಪದ ಊಟದಲ್ಲಿ ಮೀನೇ ಮುಖ್ಯ, ಮೊದಲೇ ಹೇಳಿಡಿ. ರಾತ್ರಿ ಊಟ ಆದ ಮೇಲೆ ಒಮ್ಮೆಯಾದ್ರೂ ಮೇಲಿನ ಡೆಕ್ಕಿಗೆ ಹೋಗಿ, ಅಮಾವಾಸ್ಯೆ ಹತ್ತಿರದ ಡೇಟ್ ಸಿಕ್ಕಿದ್ರಂತೂ ಬಿಡ್ಲೇಬೇಡಿ. ಊರಿನ ಬೆಳಕು ಒಂದೂ ಇಲ್ಲದ ಆಕಾಶ, ಮಾರಾಯ್ರೆ, ನಾನು ನಲವತ್ತರ ಹತ್ತಿರ ಬಂದವ, ಆಕಾಶಗಂಗೆಯನ್ನು ಸರಿಯಾಗಿ ನೋಡಿದ್ದು ಅಲ್ಲೇ ಮೊದಲು.

ಹೆಜ್ಜೆ 7: ಹಡಗಿಂದ ಸಣ್ಣ ಬೋಟಿಗೆ ಇಳಿಯುವುದು

ಇಡೀ ಟ್ರಿಪ್ಪಲ್ಲಿ ಅತ್ಯಂತ ಗಮನ ಕೊಡ್ಬೇಕಾದ ಎರಡು ನಿಮಿಷ ಇದು. ಈ ದ್ವೀಪಗಳು ಹವಳದ್ದು, ಸುತ್ತ ಹವಳದ ದಂಡೆ, ಅದರ ಒಳಗೆ ಆಳ ಕಡಿಮೆಯ ಹಸಿರುನೀಲಿ ಲಗೂನ್. ದೊಡ್ಡ ಹಡಗು ಆ ದಂಡೆ ದಾಟಿ ಒಳಗೆ ಬರ್ಲಿಕ್ಕೆ ಆಗುದಿಲ್ಲ, ಹಾಗಾಗಿ ಹೆಚ್ಚಾಗಿ ಹೊರಗೆ ಆಳ ನೀರಲ್ಲೇ ನಿಲ್ತದೆ. ಹಡಗಿನ ಹೊಟ್ಟೆಯ ಪಕ್ಕದಲ್ಲಿ ಒಂದು ಬಾಗಿಲು ತೆಗೀತಾರೆ, ಕೆಳಗೆ ದ್ವೀಪದ ಬೋಟ್ ಬಂದು ತಾಗಿ ನಿಲ್ತದೆ. ಆ ಬೋಟ್ ತೆರೆಗೆ ಮೂರು ನಾಲ್ಕು ಅಡಿ ಮೇಲೆ ಕೆಳಗೆ ಹೋಗ್ತಾ ಇರ್ತದೆ. ಅದಕ್ಕೆ ಕಾಲಿಡ್ಬೇಕು.

ಎರಡೂ ಕೈ ಖಾಲಿ ಇರ್ಲಿ, ಬ್ಯಾಗ್ ಬೆನ್ನಿಗೆ, ಫೋನ್ ಬ್ಯಾಗಿನೊಳಗೆ, ವೀಡಿಯೋ ಮಾಡುವ ಆಸೆ ಬಿಡಿ. ಲೈಫ್ ಜಾಕೆಟ್ ಬಕಲ್ ಹಾಕಿ. ಸಿಬ್ಬಂದಿ ನಿಮ್ಮ ತೋಳು ಹಿಡೀತಾರೆ, ನೀವೂ ಅವರ ಬೆರಳಲ್ಲ, ಮಣಿಕಟ್ಟು ಹಿಡೀರಿ. ಬೋಟ್ ಮೇಲೆ ಬಂದು ಒಂದು ಕ್ಷಣ ನಿಂತ ಹಾಗೆ ಆಗ್ತದೆ, ಅವರು ಹೇಳುವುದು ಆಗ. ಹೇಳಿದ ಕೂಡಲೇ ಒಂದು ಹೆಜ್ಜೆ, ಅಷ್ಟೇ, ಹಾರುವುದಲ್ಲ. ಬಾಗಿಲಲ್ಲಿ ನಿಂತು ಯೋಚನೆ ಮಾಡಿದ್ರೆ ಬೋಟ್ ಕೆಳಗೆ ಹೋಗಿ ಆಗ್ತದೆ, ಆಗ ಇಳಿಯುವುದು ಅಪಾಯ, ಮುಂದಿನ ತೆರೆಗೆ ಕಾಯಿರಿ. ಹಡಗು ಮತ್ತು ಬೋಟಿನ ಮಧ್ಯ ಕೈ ಕಾಲು ಇಡ್ಲೇಬೇಡಿ. ಇಬ್ಬರಲ್ಲಿ ಹೆದರಿಕೆ ಇರುವವರು ಮೊದಲು ಇಳಿಯಲಿ, ಹಿಂದಿನಿಂದ ಧೈರ್ಯ ಹೇಳ್ಬಹುದು. ನಮ್ಮ ಎದುರು ಎಪ್ಪತ್ತು ದಾಟಿದ ದ್ವೀಪದ ಅಜ್ಜಿಯೊಬ್ರು ಕೋಳಿಯ ಬುಟ್ಟಿಯನ್ನು ಮೊದಲು ಬೋಟಿನವರ ಕೈಗೆ ದಾಟಿಸಿ, ಮನೆ ಹೊಸ್ತಿಲು ದಾಟಿದ ಹಾಗೆ ಇಳಿದು ಹೋದ್ರು. ಅವರಿಗೆ ಅದು ಬಸ್ ಸ್ಟಾಪ್.

ಹೆಜ್ಜೆ 8: ಮೂರು ದ್ವೀಪ, ಮೂರು ಹಗಲು

ಕವರತ್ತಿ ರಾಜಧಾನಿ, 1964ರಿಂದ. ಉಜ್ರಾ ಮಸೀದಿಯ ಮರದ ಕೆತ್ತನೆ ನೋಡ್ಲೇಬೇಕು, ನಮಾಜಿನ ಹೊತ್ತು ಬಿಟ್ಟು, ಕೇಳಿ ಹೋಗಿ. ಅಲ್ಲೇ ಸಮುದ್ರದ ನೀರಿಂದ ಕುಡಿಯುವ ನೀರು ಮಾಡುವ ಘಟಕ ಉಂಟು, 2005ರಲ್ಲಿ ಶುರುವಾದದ್ದು, ದಿನಕ್ಕೆ ಒಂದು ಲಕ್ಷ ಲೀಟರ್ ಮಾಡುವಂಥದ್ದು. ಮೇಲಿನ ಬೆಚ್ಚಗಿನ ನೀರನ್ನು ಗಾಳಿಯ ಒತ್ತಡ ಕಡಿಮೆ ಮಾಡಿದ ತೊಟ್ಟಿಯಲ್ಲಿ ಆವಿ ಮಾಡ್ತಾರೆ, ಸುಮಾರು 350 ಮೀಟರ್ ಆಳದಿಂದ ಉದ್ದ ಪೈಪಲ್ಲಿ ತಂದ ತಣ್ಣಗಿನ ನೀರಿಂದ ಆ ಆವಿಯನ್ನು ಮತ್ತೆ ನೀರು ಮಾಡ್ತಾರೆ. ನಲ್ಲಿ ತಿರುಗಿಸುವಾಗ ಇದು ನೆನಪಿರ್ಲಿ. ದ್ವೀಪದ ಅಡಿಯಲ್ಲಿ ಸಿಹಿನೀರು ಅಂತ ಇರುವುದು ಉಪ್ಪುನೀರಿನ ಮೇಲೆ ತೇಲುವ ತೆಳು ಪದರ ಮಾತ್ರ, ಜಾಸ್ತಿ ಎಳೆದ್ರೆ ಬಾವಿ ಉಪ್ಪಾಗ್ತದೆ. ಕಡಲಿಂದ ಎದ್ದು ಬಂದು ಅರ್ಧ ಗಂಟೆ ಶವರ್ ಕೆಳಗೆ ನಿಲ್ಲುವುದು ಅಲ್ಲಿ ಮಾಡುವ ಕೆಲಸ ಅಲ್ಲ.

ಕಲ್ಪೇನಿ ನೀರಿನ ಆಟಕ್ಕೆ. ಲಗೂನ್ ಭಾರಿ ದೊಡ್ಡದು, ತಿಲಕ್ಕಂ, ಪಿಟ್ಟಿ ಅಂತ ಪುಟ್ಟ ಪುಟ್ಟ ಜನ ಇಲ್ಲದ ದ್ವೀಪಗಳು ಜೊತೆಗೆ. ಕಯಾಕಿಂಗ್, ಸ್ನಾರ್ಕಲಿಂಗ್ ಎರಡನ್ನೂ ಇಲ್ಲಿಗೇ ಇಟ್ಕೊಳ್ಳಿ. ಪೂರ್ವದ ತೀರದಲ್ಲಿ ದೊಡ್ಡ ದೊಡ್ಡ ಹವಳದ ಕಲ್ಲು ರಾಶಿ ಬಿದ್ದಿರುವುದು ಕಾಣ್ತದೆ, 1847ರ ಬಿರುಗಾಳಿ ಕಡಲಿಂದ ಎತ್ತಿ ಎಸೆದದ್ದು. ಲಕ್ಷದ್ವೀಪದಲ್ಲಿ ಹೆಣ್ಣುಮಕ್ಕಳು ಮೊದಲು ಶಾಲೆಗೆ ಹೋದದ್ದು ಈ ದ್ವೀಪದಿಂದ ಅಂತ ಅಲ್ಲಿಯವರು ಹೆಮ್ಮೆಯಿಂದ ಹೇಳ್ತಾರೆ.

ಸ್ನಾರ್ಕಲಿಂಗ್ ಮಾಡುವ ಕ್ರಮ ಹೇಳ್ತೇನೆ, ಯಾಕಂದ್ರೆ ಅಲ್ಲಿ ಅರ್ಜೆಂಟಲ್ಲಿ ಹೇಳಿ ಮುಗಿಸ್ತಾರೆ. ಮಾಸ್ಕನ್ನು ಬೆಲ್ಟ್ ಹಾಕದೆ ಮುಖಕ್ಕೆ ಇಟ್ಟು ಮೂಗಿಂದ ಸಣ್ಣಗೆ ಉಸಿರು ಎಳೀರಿ, ಕೈ ಬಿಟ್ರೂ ಅಂಟಿ ನಿಂತ್ರೆ ನಿಮ್ಮ ಅಳತೆ ಅದು. ಮೀಸೆ ಇದ್ದವರಿಗೆ ಸ್ವಲ್ಪ ನೀರು ಒಳಗೆ ಬರ್ತದೆ, ಗಾಬರಿ ಬೇಡ. ಸೊಂಟದ ನೀರಲ್ಲಿ ನಿಂತು ಮುಖ ಮಾತ್ರ ಅದ್ದಿ ಇಪ್ಪತ್ತು ಉಸಿರು ತಗೊಳ್ಳಿ, ಆಮೇಲೆ ಕಾಲು ಬಿಡಿ. ಇಬ್ಬರೂ ಕೈಗೆಟಕುವ ದೂರದಲ್ಲೇ ಇರಿ, ಐದೈದು ನಿಮಿಷಕ್ಕೆ ತಲೆ ಎತ್ತಿ ತೀರ ಎಲ್ಲಿ ಉಂಟು ನೋಡಿ, ಇಳಿತದ ಹೊತ್ತಿಗೆ ನೀರು ಹವಳದ ದಂಡೆಯಲ್ಲಿ ಹೊರಗಿನ ಕಡಲಿಗೆ ತೆರೆದಿರುವ ಬಾಗಿಲಿನ ಕಡೆಗೆ ಎಳೀತದೆ, ಆ ಕಡೆ ಹೋಗ್ಲೇಬೇಡಿ. ಹವಳದ ಮೇಲೆ ನಿಲ್ಬೇಡಿ, ಮುಟ್ಟಬೇಡಿ, ಅದು ಕಲ್ಲಲ್ಲ, ಜೀವ. ಮೊದಲೇ ಅದು ನೋವಲ್ಲಿ ಉಂಟು: 2023ರ ಅಕ್ಟೋಬರಿಂದ ಅಲ್ಲಿನ ಕಡಲು ವಿಪರೀತ ಬಿಸಿಯಾಗಿ 2024ರ ಮೇ ಹೊತ್ತಿಗೆ ಹವಳ ದೊಡ್ಡ ಮಟ್ಟದಲ್ಲಿ ಬಿಳಿಚಿಕೊಂಡದ್ದನ್ನು ಸಿಎಂಎಫ್‌ಆರ್‌ಐ, ಅಂದ್ರೆ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನೋಡಿ ಹೇಳಿದ್ರು. 1998, 2010, 2016ರಲ್ಲೂ ಹೀಗೇ ಆಗಿತ್ತು. ನಾವು ಇಳಿದ ಜಾಗದಲ್ಲಿ ಒಂದು ಬದಿ ಬೂದಿ ಬಣ್ಣದ ಸತ್ತ ಹವಳ, ಅದರ ನಡುವೆ ಅಂಗೈಯಷ್ಟು ಹೊಸ ಹವಳ ನೇರಳೆ ಬಣ್ಣದ್ದು ಎದ್ದಿತ್ತು, ಇವ ನೀರೊಳಗಿಂದಲೇ ನನ್ನ ಕೈ ಹಿಡಿದು ಎಳೆದು ತೋರಿಸಿದ. ನೀರಿಗೆ ಹೆದರ್ತಿದ್ದವ.

ಹವಳದ ಚೂರು ನೆನಪಿಗೆ ಅಂತ ಬ್ಯಾಗಿಗೆ ಹಾಕ್ಬೇಡಿ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಅದೇ ಪಟ್ಟಿಯಲ್ಲಿ ಉಂಟು, ಸ್ಕ್ಯಾನಿಂಗಲ್ಲಿ ಸಿಕ್ಕಿದ್ರೆ ಕೇಸು.

ಮಿನಿಕಾಯ್ ಬೇರೆಯೇ ಲೋಕ. ಉಳಿದ ದ್ವೀಪಗಳಲ್ಲಿ ಮಲಯಾಳಂನ ಒಂದು ರೂಪ, ಜಸರಿ, ಮಾತಾಡ್ತಾರೆ, ಬ್ಯಾರಿ ಭಾಷೆ ಗೊತ್ತಿರುವ ನಮ್ಮ ಕಡೆಯವರಿಗೆ ಅರ್ಧಕ್ಕರ್ಧ ಅರ್ಥ ಆಗ್ತದೆ. ಮಿನಿಕಾಯಲ್ಲಿ ಮಹಲ್, ಮಾಲ್ಡೀವ್ಸಿನ ದಿವೇಹಿಯದ್ದೇ ರೂಪ, ಲಿಪಿ ಬಲದಿಂದ ಎಡಕ್ಕೆ ಬರೆಯುವ ತಾನಾ. ಉಳಿದ ದ್ವೀಪಗಳಿಂದ ಇದು ನೈನ್ ಡಿಗ್ರಿ ಚಾನಲ್ ಅನ್ನುವ ಸುಮಾರು 200 ಕಿಲೋಮೀಟರ್ ಅಗಲದ ಕಡಲಿನ ಆಚೆ, ಸೂಯೆಜ್ ಕಡೆಯಿಂದ ಪೂರ್ವಕ್ಕೆ ಹೋಗುವ ದೊಡ್ಡ ಹಡಗುಗಳ ರಸ್ತೆ ಅದು, ರಾತ್ರಿ ಡೆಕ್ಕಿಂದ ಅವುಗಳ ದೀಪ ಕಾಣ್ತವೆ. 1885ರ ಲೈಟ್‌ಹೌಸ್ ಹತ್ತಿ, ಮಂಡಿ ನೋವಿದ್ದವರು ನಿಧಾನಕ್ಕೆ ಹತ್ತಿ, ಆದ್ರೆ ಹತ್ತಿ. ಮೇಲಿಂದ ಇಡೀ ದ್ವೀಪ ಬಾಳೆಹಣ್ಣಿನ ಹಾಗೆ ಬಾಗಿ ಮಲಗಿರುವುದು ಕಾಣ್ತದೆ, ಒಂದು ಬದಿ ತಿಳಿಹಸಿರು, ಇನ್ನೊಂದು ಬದಿ ಕಪ್ಪುನೀಲಿ. ಊರಿನ ಒಳಗೆ ನಡೆಯುವಾಗ ರಸ್ತೆ ಗುಡಿಸಿಟ್ಟ ರೀತಿ ನೋಡಿ. ಹನ್ನೊಂದು ಹಳ್ಳಿ, ಪ್ರತಿ ಹಳ್ಳಿಗೂ ಒಬ್ಬ ಹಿರಿಯ, ಬೊಡುಕಾಕ ಅಂತ ಕರೀತಾರೆ. ಹೆಂಗಸರ ಫೋಟೋ ಕೇಳದೆ ತೆಗೀಬೇಡಿ.

ಇಲ್ಲಿಯ ಜನ ಸೂರೆ ಮೀನು ಅಂದ್ರೆ ಟ್ಯೂನಾ ಹಿಡಿಯುವುದು ಬಲೆಯಲ್ಲಲ್ಲ, ಗಾಳದ ಕೋಲಲ್ಲಿ. ಜೀವಂತ ಸಣ್ಣ ಮೀನನ್ನು ಕಡಲಿಗೆ ಎಸೆದು ಹಿಂಡನ್ನು ಬರಿಸಿ, ಒಬ್ಬೊಬ್ಬರೇ ಕೋಲಿಂದ ಎತ್ತಿ ಹಿಂದಕ್ಕೆ ಬೋಟಿಗೆ ಹಾಕ್ತಾರೆ. ಬೇಡದ ಮೀನು, ಆಮೆ ಸಾಯುವುದಿಲ್ಲ. ಅದನ್ನೇ ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿ ಮರದ ತುಂಡಿನ ಹಾಗೆ ಗಟ್ಟಿ ಮಾಡ್ತಾರೆ, ಮಾಸ್ ಅಂತ ಹೆಸರು.

ಹೆಜ್ಜೆ 9: ವಾಪಸ್

ಕಸ ಎಲ್ಲ ಹಡಗಿಗೇ ವಾಪಸ್ ತನ್ನಿ, ಚಿಪ್ಸ್ ಕವರಿಂದ ಹಿಡಿದು ಮಾತ್ರೆಯ ಸ್ಟ್ರಿಪ್ ತನಕ. ದ್ವೀಪದಲ್ಲಿ ಹೂಳ್ಲಿಕ್ಕೆ ಜಾಗ ಇಲ್ಲ.

ಐದನೇ ದಿನಕ್ಕೆ ರೈಲು ಟಿಕೆಟ್ ಮಾಡ್ಬೇಡಿ, ಆರನೇ ದಿನಕ್ಕೆ ಮಾಡಿ. ಹಡಗು ತಡ ಆಗ್ಬಹುದು, ಮತ್ತೆ ನೆಲಕ್ಕೆ ಇಳಿದ ಮೇಲೂ ಒಂದೆರಡು ದಿನ ಶರೀರ ಓಲಾಡ್ತದೆ. ಸ್ನಾನ ಮಾಡುವಾಗ ಕಣ್ಣು ಮುಚ್ಚಿದ್ರೆ ನೆಲ ಜಾರಿದ ಹಾಗೆ ಆಗ್ತದೆ, ಗೋಡೆ ಹಿಡ್ಕೊಳ್ಳಿ, ತನ್ನಷ್ಟಕ್ಕೆ ಹೋಗ್ತದೆ. ಅದೇ ದಿನ ಸ್ಕೂಟರ್ ಕಾರು ಓಡಿಸ್ಬೇಡಿ.

ಮಾಸ್ ತರುವವರು ಎರಡು ಕವರ್ ಹಾಕಿ ಗಟ್ಟಿ ಕಟ್ಟಿ, ರೈಲಲ್ಲಿ ಪಕ್ಕದವರಿಗೆ ವಾಸನೆ ಹೋಗ್ತದೆ. ಮನೆಯಲ್ಲಿ ತೇವ ಇಲ್ಲದ ಡಬ್ಬದಲ್ಲಿಟ್ರೆ ತಿಂಗಳುಗಟ್ಟಲೆ ಕೆಡುದಿಲ್ಲ. ನನ್ನ ಅಮ್ಮ ಅದನ್ನು ಕಲ್ಲಲ್ಲಿ ಜಜ್ಜಿ ಪುಡಿ ಮಾಡಿ, ಸುಟ್ಟ ಒಣಮೆಣಸು, ತೆಂಗಿನಕಾಯಿ, ಚೂರು ಹುಣಸೆಹುಳಿ, ಎರಡು ಎಸಳು ಬೆಳ್ಳುಳ್ಳಿ ಹಾಕಿ ಒಣಮೀನಿನ ಚಟ್ನಿ ಥರ ಮಾಡಿದ್ರು. ಇವ ಅವತ್ತು ರಾತ್ರಿ ನಮ್ಮಲ್ಲೇ ಉಳಿದಿದ್ದ, ಕುಚ್ಚಲಕ್ಕಿ ಗಂಜಿ ಜೊತೆ ಎರಡು ಸಲ ಹಾಕಿಸ್ಕೊಂಡ.